ಕಲ್ಲಾದ ಕೋಶಕ್ಕೆ ಸಂತಾನವಿತ್ತೇ?

ರಾಯಚೂರು, ಮಾನ್ವಿ, ದೇವದುರ್ಗದ ಹಳೆಯ ಮನೆಗಳ ಪಡಸಾಲೆಗೆ ಹಾಸಿರುವುದು ಹೆಚ್ಚಾಗಿ ಶಹಾಬಾದ್ ಕಲ್ಲು. ಕೋಟೆ ಕಟ್ಟಲು, ಬೀಸುವ ಕಲ್ಲು ಮಾಡಲು ಇಲ್ಲಿನ ಬಂಡೆಯೇ ಸಾಕು. ಹಾಸುಗಲ್ಲು ಮಾತ್ರ ಕೃಷ್ಣೆಯ ಆಚೆಯಿಂದ ಬರಬೇಕು. ಎರಡು ಹೊಳೆಗಳ ನಡುವಿನ ಈ ದೋಆಬಿನ ತಳವೆಲ್ಲ ಗ್ರಾನೈಟು ಮತ್ತು ನೈಸ್. ಹಟ್ಟಿ, ಮಸ್ಕಿ ಕಡೆ ಚಿನ್ನ ಹೊತ್ತ ಹಸಿರು ಶಿಲೆಯ ಪಟ್ಟಿ. ಸುಮಾರು 250 ಕೋಟಿ ವರ್ಷ ಅಥವಾ ಅದಕ್ಕೂ ಹಿಂದೆ ಬೆಂದು, ಕರಗಿ, ಮಡಿಚಿಕೊಂಡ ಈ ಕಲ್ಲಿನಲ್ಲಿ ಪಳೆಯುಳಿಕೆ ಹುಡುಕುವುದು ವ್ಯರ್ಥ. ತಿಂಥಣಿ ಸೇತುವೆ ದಾಟಿ ಸುರಪುರ, ಶಹಾಪುರದ ಆಚೆಗೆ ಹೋದರೆ ನೆಲವೇ ಬೇರೆ. ಪದರ ಪದರವಾಗಿ ಏಳುವ ಸುಣ್ಣಕಲ್ಲು, ಅದರ ಮೇಲೆ ಕೆಳಗೆ ಶೇಲ್ ಎಂಬ ನುಣುಪು ಪದರುಗಲ್ಲು. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾಸಮೂಹ ಎನ್ನುತ್ತಾರೆ. ಒಂದು ಕಾಲಕ್ಕೆ ಅದು ಆಳವಿಲ್ಲದ ಕಡಲಿನ ತಳ.

ಆ ಕಡಲಿನಲ್ಲಿ ಮೀನಿರಲಿಲ್ಲ, ಶಂಖವಿರಲಿಲ್ಲ. ಇದ್ದವು ಬಹುಮಟ್ಟಿಗೆ ಒಂಟಿ ಕೋಶದ ಜೀವಿಗಳು. ಅವು ಹೇಗೆ ಮರಿಮಾಡಿದವು? ಬರೀ ಎರಡಾಗಿ ಒಡೆದವೇ, ಗಂಡು ಹೆಣ್ಣು ಅಂಶಗಳು ಕೂಡಿ ಹುಟ್ಟಿದವೇ? ಕಲ್ಲಿನಲ್ಲಿ ಇದಕ್ಕೆ ಸಾಕ್ಷ್ಯ ಸಿಗುತ್ತದೆಯೇ ಎಂಬುದರ ಮೇಲೆ ನೂರಮೂವತ್ತು ವರ್ಷಕ್ಕೂ ಮಿಕ್ಕಿ ವಾದ ನಡೆದಿದೆ.

ಪ್ರಶ್ನೆಯ ಕಷ್ಟ ಅದರ ಬುಡದಲ್ಲೇ ಇದೆ. ಏಕಕೋಶಿ ಎರಡಾದಾಗ ಹಿಂದೆ ಹೆಣ ಉಳಿಯುವುದಿಲ್ಲ. ತಾಯಿಯೇ ಇಬ್ಬರು ಮಕ್ಕಳಾಗಿರುತ್ತದೆ. ಲಿಂಗಾಣುಗಳ ಕೂಡಿಕೆಯಂತೂ ಗಳಿಗೆಯೊಳಗೆ ಮುಗಿಯುವ ಕೆಲಸ, ಅದಕ್ಕೆ ಮೂಳೆಯಿಲ್ಲ, ಚಿಪ್ಪಿಲ್ಲ. ಕಲ್ಲಿಗೆ ಸಿಗುವುದು ಆ ಘಟನೆಯ ಮುಂಚಿನದೋ ನಂತರದ್ದೋ ಒಂದು ಗುರುತು: ಚಿಪ್ಪಿನ ಅಳತೆ, ಕೋಶಕವಚದಲ್ಲಿ ತೆರೆದ ಕಂಡಿ, ಒಟ್ಟಿಗೆ ಅಂಟಿಕೊಂಡ ನಾಲ್ಕು ಕೋಶ. ಆ ಗುರುತನ್ನು ಓದುವುದನ್ನು ನಮಗೆ ಕಲಿಸುವುದು ಇಂದು ಬದುಕಿರುವ ಬಂಧುವೊಂದೇ. ಬಂಧು ಇದ್ದಲ್ಲಿ ವಾದ ಬೇಗ ತೀರಿದೆ, ಇಲ್ಲದಲ್ಲಿ ಇಂದಿಗೂ ತೀರಿಲ್ಲ. ಹಾಗಾಗಿ ಹೊಸ ಕಾಲದಿಂದ ಹಳೆಯದರ ಕಡೆಗೆ ಹೋಗುವುದೇ ಲೇಸು.

ಜೋಡಿ ಹೆಸರಿನ ನಾಣ್ಯಗಳು

ಈಜಿಪ್ಟಿನ ಪಿರಮಿಡ್ಡಿನ ಕಲ್ಲಿನಲ್ಲಿ ದುಂಡನೆಯ ಬಿಲ್ಲೆಗಳು ತುಂಬಿವೆ. ಕೂಲಿಯವರು ಉಂಡು ಬಿಟ್ಟ ಬೇಳೆ ಕಲ್ಲಾಗಿದೆ ಎಂದು ಅಲ್ಲಿಯ ಜನ ಹೇಳುತ್ತಿದ್ದುದನ್ನು ಗ್ರೀಕ್ ಭೂಗೋಳಕಾರ ಸ್ಟ್ರಾಬೊ ದಾಖಲಿಸಿದ, ಆದರೆ ತಾನು ಅದನ್ನು ನಂಬಲಿಲ್ಲ. ಅವು ನಮ್ಮುಲೈಟಿಸ್ ಎಂಬ ಏಕಕೋಶಿಯ ಚಿಪ್ಪುಗಳು, ಫೊರಾಮಿನಿಫೆರಾ ಎಂಬ ದೊಡ್ಡ ಬಳಗಕ್ಕೆ ಸೇರಿದವು. ಭಾರತದಲ್ಲಿ ಕಛ್‌ನ ಸುಣ್ಣಕಲ್ಲಿನಲ್ಲೂ ಇವೇ ತುಂಬಿವೆ. ಒಂದೇ ಕೋಶ, ಆದರೆ ಸುರುಳಿ ಸುರುಳಿಯಾಗಿ ನೂರಾರು ಕೋಣೆ ಕಟ್ಟಿಕೊಂಡು ಕೆಲವು ಸೆಂಟಿಮೀಟರ್ ಅಗಲಕ್ಕೆ ಬೆಳೆಯುತ್ತಿತ್ತು.

19ನೇ ಶತಮಾನದ ವಿದ್ವಾಂಸರಿಗೆ ಒಂದು ವಿಚಿತ್ರ ಕಂಡಿತು. ಒಂದೇ ಪದರದಲ್ಲಿ ನಮ್ಮುಲೈಟಿಸ್‌ನ ಎರಡೆರಡು ಜಾತಿಗಳು ಜೋಡಿಯಾಗಿ ಸಿಗುತ್ತವೆ: ಒಂದು ದೊಡ್ಡದು, ಒಂದು ಚಿಕ್ಕದು. ಉಳಿದ ಲಕ್ಷಣವೆಲ್ಲ ಒಂದೇ. ದೊಡ್ಡದನ್ನು ಸೀಳಿ ನೋಡಿದರೆ ನಡುವಿನ ಮೊದಲ ಕೋಣೆ ಕಣ್ಣಿಗೆ ಕಾಣದಷ್ಟು ಸಣ್ಣದು. ಚಿಕ್ಕದರಲ್ಲಿ ಅದೇ ಕೋಣೆ ದೊಡ್ಡದು. ಗೀಜಾದ ದೊಡ್ಡ ರೂಪಕ್ಕೆ ನಮ್ಮುಲೈಟಿಸ್ ಗಿಜೆಹೆನ್ಸಿಸ್ ಎಂದೂ ಚಿಕ್ಕದಕ್ಕೆ ನಮ್ಮುಲೈಟಿಸ್ ಕರ್ವಿಸ್ಪೈರಾ ಎಂದೂ ಬೇರೆ ಬೇರೆ ಹೆಸರು ಬಿದ್ದಿದ್ದವು.

1880ರಲ್ಲಿ ಫ್ರಾನ್ಸಿನ ಅರ್ನೆಸ್ಟ್ ಮ್ಯೂನಿಯೆ-ಶಾಲ್ಮಾ ಈ ಜೋಡಿಗಳು ಎರಡು ಜಾತಿಯಲ್ಲ, ಒಂದೇ ಜೀವಿಯ ಎರಡು ರೂಪ ಎಂದರು. ಮಾತು ಸರಿ, ಕೊಟ್ಟ ಕಾರಣ ತಪ್ಪು: ಚಿಕ್ಕದು ಬೆಳೆದು ದೊಡ್ಡದಾಗುವಾಗ ಮೊದಲ ಕೋಣೆಯನ್ನು ಕರಗಿಸಿಕೊಳ್ಳುತ್ತದೆ ಎಂದು ಅವರು ಭಾವಿಸಿದ್ದರು. ನಿಜ ಹೊರಬಂದದ್ದು 15 ವರ್ಷದ ಮೇಲೆ, ಅದೂ ಕಲ್ಲಿನಿಂದಲ್ಲ. 1895ರಲ್ಲಿ ಇಂಗ್ಲೆಂಡಿನ ಜೆ. ಜೆ. ಲಿಸ್ಟರ್ ಮತ್ತು ಜರ್ಮನಿಯ ಫ್ರಿಟ್ಸ್ ಶಾಡಿನ್ ಬೇರೆ ಬೇರೆಯಾಗಿ ಜೀವಂತ ಫೊರಾಮಿನಿಫೆರಾ ಸಾಕಿ ನೋಡಿ ಜೀವನಚಕ್ರವನ್ನು ಬಿಡಿಸಿದರು. (ಹತ್ತು ವರ್ಷದ ನಂತರ ಸಿಫಿಲಿಸ್ ರೋಗಾಣುವನ್ನು ಕಂಡುಹಿಡಿದವರಲ್ಲಿ ಒಬ್ಬರು ಇದೇ ಶಾಡಿನ್.)

ಚಕ್ರ ಹೀಗೆ. ಎರಡು ಲಿಂಗಾಣುಗಳು ಕೂಡಿದಾಗ ಹುಟ್ಟುವ ಯುಗ್ಮಜ ತೀರ ಸಣ್ಣದು, ಆದ್ದರಿಂದ ಅದು ಕಟ್ಟುವ ಮೊದಲ ಕೋಣೆಯೂ ಸಣ್ಣದು. ನಂತರ ದೀರ್ಘಕಾಲ ಬೆಳೆದು ದೊಡ್ಡ ಚಿಪ್ಪಾಗುತ್ತದೆ. ಇದು ಬಿ ರೂಪ. ಕೊನೆಗೆ ಅದು ತನ್ನ ಮೈಯನ್ನೆಲ್ಲ ನೂರಾರು ಮರಿಗಳಾಗಿ ಹಂಚಿಕೊಂಡು ಮುಗಿದುಹೋಗುತ್ತದೆ. ಈ ಮರಿಗಳು ತವರಿನ ಬುತ್ತಿ ಕಟ್ಟಿಕೊಂಡು ಹೊರಟವು, ಹಾಗಾಗಿ ಮೊದಲ ಕೋಣೆಯೇ ದೊಡ್ಡದು. ಇದು ಎ ರೂಪ; ಇದು ಬೆಳೆದು ಲಿಂಗಾಣು ಬಿಡುತ್ತದೆ. ಅಂದರೆ ಬಿ ರೂಪದ ಪ್ರತಿಯೊಂದು ಚಿಪ್ಪೂ ಕೂಡಿಕೆಯಿಂದ ಹುಟ್ಟಿದ ಜೀವದ್ದು. ಇಷ್ಟು ನೇರವಾದ ಸಾಕ್ಷ್ಯ ಈ ಇಡೀ ಕ್ಷೇತ್ರದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಸುಮಾರು 30 ಕೋಟಿ ವರ್ಷ ಹಿಂದಿನ, ಇದೇ ಬಳಗದ ಫ್ಯುಸುಲಿನಿಡ್‌ಗಳಲ್ಲೂ ಈ ಎರಡು ರೂಪಗಳನ್ನು ಗುರುತಿಸಲಾಗಿದೆ.

ಇಲ್ಲಿಂದ ಮುಂದೆ ಪಂಗಡಗಳು ಒಡೆದವು. ಬಹುಪಾಲು ಪದರಗಳಲ್ಲಿ ಎ ರೂಪಗಳು ಬಿ ರೂಪಗಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಏಕೆ? ಡಚ್ ವಿಜ್ಞಾನಿ ಯಾನ್ ಹೋಫ್ಕರ್ ಎರಡಲ್ಲ, ಮೂರು ರೂಪಗಳಿವೆ ಎಂದರು: ಎ ರೂಪದ ಜೀವಿ ಕೆಲವೊಮ್ಮೆ ಲಿಂಗಾಣು ಬಿಡದೆ ಮತ್ತೆ ಎ ರೂಪದ ಮರಿಗಳನ್ನೇ ಹಾಕುತ್ತದೆ, ಹೀಗೆ ಲಿಂಗರಹಿತ ಪೀಳಿಗೆಗಳು ಒಂದರ ಮೇಲೊಂದು ಬರುತ್ತವೆ. ಬಹುಕಾಲ ಇದನ್ನು ಸಂಶಯದಿಂದ ನೋಡಿದವರೇ ಹೆಚ್ಚು. 1998ರಲ್ಲಿ ಜರ್ಮನಿಯ ರುಡಾಲ್ಫ್ ರಾಟ್ಗರ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಸಾಕಿದ ದೊಡ್ಡ ಫೊರಾಮಿನಿಫೆರಾಗಳ ಆಧಾರದಿಂದ ಮೂರು ರೂಪದ ಚಕ್ರಕ್ಕೆ ಬಲ ಕೊಟ್ಟರು. ಇನ್ನೊಂದು ಪಂಗಡ ಇದನ್ನೆಲ್ಲ ಬಿಟ್ಟು ನೀರಿನ ಹರಿವಿನತ್ತ ಬೊಟ್ಟು ಮಾಡಿತು. 1980ರ ದಶಕದಲ್ಲಿ ಥಾಮಸ್ ಐಗ್ನರ್ ಈಜಿಪ್ಟಿನ ನಮ್ಮುಲೈಟಿಸ್ ದಿಬ್ಬಗಳನ್ನು ಪರಿಶೀಲಿಸಿ, ಅಲೆ ಮತ್ತು ಪ್ರವಾಹ ಚಿಕ್ಕ ಚಿಪ್ಪುಗಳನ್ನು ಕೇರಿ ಬೇರೆಡೆಗೆ ಒಯ್ಯುತ್ತವೆ ಎಂದು ತೋರಿಸಿದರು. ಹಾಗಾದರೆ ಒಂದು ಪದರದಲ್ಲಿ ಕಾಣುವ ಎ–ಬಿ ಪ್ರಮಾಣ ಆ ಜೀವಿಗಳ ಸಂಸಾರದ ಲೆಕ್ಕವೋ ಅಲೆಯ ಲೆಕ್ಕವೋ? ಎರಡನ್ನೂ ಬೇರ್ಪಡಿಸದೆ ಬರೀ ಎಣಿಸಿ ತೀರ್ಮಾನ ಹೇಳುವ ಲೇಖನಗಳನ್ನು ನಾನು ನಂಬುವುದಿಲ್ಲ.

ಕಾರವಾರದ ಕೆಸರು, ಬರಗಾಲದ ಲೆಕ್ಕ

ಇದೇ ಮೊದಲ ಕೋಣೆಯ ಅಳತೆಯನ್ನು ಹಿಡಿದು ಕರ್ನಾಟಕದ ಕಡಲಿನಲ್ಲಿ ಒಂದು ಧೈರ್ಯದ ಪ್ರಯತ್ನ ನಡೆಯಿತು. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ರಾಜೀವ್ ನಿಗಮ್ 1986ರಿಂದ ಈ ಎರಡು ರೂಪಗಳನ್ನು ಹಿಂದಿನ ಹವಾಮಾನ ತಿಳಿಯುವ ಸಾಧನವನ್ನಾಗಿ ಬಳಸತೊಡಗಿದರು. ಕಾರವಾರದ ಎದುರಿನ ಕಡಲ ತಳದಿಂದ ತೆಗೆದ ಕೆಸರಿನ ಕಂಬದಲ್ಲಿ ರೊಟಾಲಿಡಿಯಮ್ ಅನೆಕ್ಟೆನ್ಸ್ ಎಂಬ ಫೊರಾಮಿನಿಫೆರಾದ ಮೊದಲ ಕೋಣೆಯ ಸರಾಸರಿ ಅಳತೆ ಪದರದಿಂದ ಪದರಕ್ಕೆ ಏರಿಳಿಯುತ್ತಿತ್ತು. ಮಳೆ ಹೆಚ್ಚಾಗಿ ಹೊಳೆ ತುಂಬಿ ಬಂದರೆ ಕಡಲಿನ ಉಪ್ಪು, ಉಷ್ಣತೆ ಬದಲಾಗುತ್ತವೆ. ಅದಕ್ಕೆ ತಕ್ಕಂತೆ ಲಿಂಗರಹಿತ ಮತ್ತು ಲೈಂಗಿಕ ಪೀಳಿಗೆಗಳ ಪಾಲು ಬದಲಾಗುತ್ತದೆ. ಸರಾಸರಿ ಅಳತೆ ಅದನ್ನು ಹಿಡಿದಿಡುತ್ತದೆ. ವಾದದ ಸರಪಳಿ ಇಷ್ಟು. ನಿಗಮ್, ಎನ್. ಖರೆ ಮತ್ತು ಆರ್. ಆರ್. ನಾಯರ್ 1995ರಲ್ಲಿ ಈ ಬಗೆಯ ಸಾಕ್ಷ್ಯದಿಂದ ಭಾರತದ ಬರಗಾಲಗಳಿಗೆ 77 ವರ್ಷದ ಆವರ್ತನವಿದೆ ಎಂದೂ ಅದಕ್ಕೆ ಸೂರ್ಯನ ಚಟುವಟಿಕೆಯ ಏರಿಳಿತದ ನಂಟಿರಬಹುದೆಂದೂ ಮಂಡಿಸಿದರು.

ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ದೇವದುರ್ಗದ ಕಡೆಯವರಿಗೆ ಈ ಸುದ್ದಿ ಬರೀ ಕುತೂಹಲದ್ದಲ್ಲ. ಆದರೂ ಎರಡು ಮಾತು ಹೇಳಲೇಬೇಕು. ಕಾರವಾರಕ್ಕೆ ನೀರು ತರುವ ಕಾಳಿ ಹೊಳೆ ಘಟ್ಟದ ಮಳೆಯ ಕೂಸು. ಘಟ್ಟದ ಮರೆಯಲ್ಲಿರುವ ದೋಆಬಿನ ಮಳೆಗೆ ಅದೇ ಲೆಕ್ಕವನ್ನು ಹಚ್ಚಲಾಗದು. ಎರಡನೆಯದು, ಲಿಂಗರಹಿತವಾಗಿ ಹುಟ್ಟಿದ ಮರಿಗಳಲ್ಲೇ ಮೊದಲ ಕೋಣೆಯ ಅಳತೆ ಆಹಾರ, ಉಷ್ಣತೆಗೆ ತಕ್ಕಂತೆ ಹಿಗ್ಗಿ ಕುಗ್ಗಬಲ್ಲದು. ಸರಾಸರಿ ಏರಿತೆಂದರೆ ಪೀಳಿಗೆಗಳ ಪಾಲು ಬದಲಾಯಿತೆಂದೇ ಅರ್ಥವಲ್ಲ.

ಸಾವಿತ್ರಿ, ಸತ್ಯವಾನ, ದ್ಯುಮತ್ಸೇನ

ಇನ್ನೊಂದು ಸಾಕ್ಷ್ಯಕ್ಕೆ ಬೆಂಗಳೂರಿನ ನಂಟಿದೆ, ಮತ್ತು ಇದು ನನಗೆ ಬಲು ಇಷ್ಟವಾದ ಪ್ರಕರಣ. ಸೆಂಟ್ರಲ್ ಕಾಲೇಜಿನಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಎಲ್. ರಾಮರಾವ್ ತಿರುಚ್ಚಿರಾಪಳ್ಳಿ ಸೀಮೆಯ ನಿನಿಯೂರು ಪದರಗಳ ಸುಣ್ಣಕಲ್ಲನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರು. ಅದರಲ್ಲಿ ಕಂಡ ಪಾಚಿಗಳನ್ನು ವಿಯೆನ್ನಾದ ಯೂಲಿಯಸ್ ಪಿಯಾ ಅವರೊಡನೆ ಸೇರಿ ವಿವರಿಸಿದ ಕೃತಿ 1936ರಲ್ಲಿ ಪಾಲಿಯೊಂಟೊಲೋಜಿಯಾ ಇಂಡಿಕಾ ಮಾಲೆಯಲ್ಲಿ ಹೊರಬಂತು. ಹೊಸ ಜಾತಿಗಳಿಗೆ ಇಟ್ಟ ಹೆಸರು ನೋಡಿ: ಡಿಸ್ಸೊಕ್ಲಾಡೆಲ್ಲಾ ಸಾವಿತ್ರಿಯೆ, ಇಂಡೊಪೋಲಿಯಾ ಸತ್ಯವಂತಿ, ಅಸಿಕ್ಯುಲಾರಿಯಾ ದ್ಯುಮತ್ಸೇನೆ, ಓರಿಯೋಪೊರೆಲ್ಲಾ ಮಾಳವಿಯೆ. ಸಾವಿತ್ರಿ, ಅವಳ ಗಂಡ, ಅವಳ ಮಾವ, ಅವಳ ತಾಯಿ. ಒಂದು ಮನೆತನವೇ ಸುಣ್ಣಕಲ್ಲಿಗೆ ಇಳಿದಿದೆ.

ಇವು ಡಾಸಿಕ್ಲಾಡ್ ಎಂಬ ಹಸಿರು ಪಾಚಿಗಳು. ಕಡ್ಡಿಯಂಥ ನಡುಕಾಂಡ, ಸುತ್ತ ಸುತ್ತಾಗಿ ಕವಲು, ಕೆಲವು ಸೆಂಟಿಮೀಟರ್ ಎತ್ತರ, ಆದರೂ ಬೆಳವಣಿಗೆಯ ಕಾಲವಿಡೀ ಒಂದೇ ಕೋಶ. ಇವುಗಳ ಇಂದಿನ ಬಂಧು ಅಸಿಟಾಬ್ಯುಲೇರಿಯಾ. ಅದರ ಏಕೈಕ ಕೋಶಕೇಂದ್ರ ಬುಡದಲ್ಲಿರುತ್ತದೆ ಎಂಬುದನ್ನು ಆಧರಿಸಿ ಜರ್ಮನಿಯ ಯೋಆಖಿಮ್ ಹ್ಯಾಮರ್ಲಿಂಗ್ 1930ರ ದಶಕದಲ್ಲಿ ನಡೆಸಿದ ಕಸಿ ಪ್ರಯೋಗಗಳು ಇಂದೂ ಪಠ್ಯಪುಸ್ತಕದಲ್ಲಿವೆ. ಲಿಂಗಾಣು ತುಂಬಿದ ಗೂಡುಗಳ ಸುತ್ತ ಸುಣ್ಣ ಕಟ್ಟಿಕೊಳ್ಳುವ ಸ್ವಭಾವ ಈ ಬಳಗಕ್ಕಿದೆ. ಜೀವ ಹೋದರೂ ಗೂಡಿನ ಅಚ್ಚು ಉಳಿಯುತ್ತದೆ. ಅಸಿಕ್ಯುಲಾರಿಯಾದ ಪಳೆಯುಳಿಕೆಯೆಂದರೆ ಬಹುಪಾಲು ಇಂಥ ತೂತು ತೂತಾದ ಸುಣ್ಣದ ಚೂರು. ಒಂದೊಂದು ತೂತೂ ಒಂದು ಗೂಡಿನ ಜಾಗ. ಸಂತಾನಾಂಗವೇ ಕಲ್ಲಾಗಿರುವ ಅಪರೂಪದ ಏಕಕೋಶಿ ಇದು.

ಪಿಯಾ ಇದರ ಮೇಲೆ ಒಂದು ವಿಕಾಸದ ಕಥೆಯನ್ನೇ ಕಟ್ಟಿದರು. ಹಳೆಯ ಡಾಸಿಕ್ಲಾಡ್‌ಗಳಲ್ಲಿ ಲಿಂಗಾಣು ಬೆಳೆದದ್ದು ನಡುಕಾಂಡದೊಳಗೇ. ಮುಂದೆ ಅದು ಕವಲುಗಳಿಗೆ ಸರಿಯಿತು. ಕೊನೆಗೆ ಅದಕ್ಕೆಂದೇ ಬೇರೆ ಗೂಡುಗಳು ಮೂಡಿದವು. ಚಂದದ ಕಥೆ. ತೊಡಕೆಂದರೆ, ಗೂಡಿಗೆ ಸುಣ್ಣ ಕಟ್ಟದ ಜಾತಿಗಳಲ್ಲಿ ಗೂಡು ಕಾಣುವುದೇ ಇಲ್ಲ. ಕಾಂಡದೊಳಗೆ ಬೆಳೆಯಿತು ಎನ್ನುವುದಕ್ಕೆ ಕೆಲವೆಡೆ ಇರುವ ಆಧಾರ ಬೇರೆಡೆ ಗೂಡು ಕಾಣದಿರುವುದಷ್ಟೆ. ಕಾಣದ್ದನ್ನು ಇಲ್ಲವೆಂದು ಬರೆದುಕೊಳ್ಳುವ ಅಪಾಯ ಇಲ್ಲಿ ಹೆಜ್ಜೆಹೆಜ್ಜೆಗೂ ಇದೆ.

ಪ್ಲಾಂಕ್ಟನ್ ಲೋಕದ ಎರಡು ಪ್ರಕರಣಗಳನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. 1830ರ ದಶಕದಲ್ಲಿ ಎರೆನ್‌ಬರ್ಗ್ ಚಕಮಕಿ ಕಲ್ಲಿನಲ್ಲಿ ಕಂಡ ಮುಳ್ಳುಮುಳ್ಳಿನ ಗುಂಡುಗಳು ತೇಲುವ ಏಕಕೋಶಿಗಳಾದ ಡೈನೊಫ್ಲಾಜೆಲೇಟ್‌ಗಳ ವಿಶ್ರಾಂತಿ ಕೋಶಗಳೆಂದು 1961ರಲ್ಲಿ ವಿಲಿಯಂ ಇವಿಟ್ ತೋರಿಸಿಕೊಟ್ಟರು. ಒಳಗಿನ ಜೀವ ಹೊರಬಿದ್ದ ಕಂಡಿ ಗೋಡೆಯಲ್ಲಿ ಅಚ್ಚುಕಟ್ಟಾಗಿತ್ತು. ಅದೇ ದಶಕದಲ್ಲಿ ವಾಲ್ ಮತ್ತು ಡೇಲ್ ಇಂದಿನ ಕಡಲಿನ ಅಂಥ ಗುಂಡುಗಳಿಂದ ಮರಿ ಹೊರಡಿಸಿ ನೋಡಿದರು. ಇಂದಿನ ಜಾತಿಗಳಲ್ಲಿ ಈ ಕೋಶಗಳು ಸಾಮಾನ್ಯವಾಗಿ ಯುಗ್ಮಜಗಳೇ. 1960ರಲ್ಲಿ ಪಾರ್ಕ್ ಮತ್ತು ಆಡಮ್ಸ್, ಎರಡು ಬೇರೆ ಕುಲದ ಹೆಸರು ಹೊತ್ತಿದ್ದ ಸುಣ್ಣದ ಪಾಚಿಗಳು ಒಂದೇ ಜೀವಿಯ ಎರಡು ಹಂತ ಎಂದು ಕಂಡರು. ನಮ್ಮುಲೈಟಿಸ್ ಕಥೆಯೇ ಇಲ್ಲಿ ಇನ್ನೊಮ್ಮೆ ನಡೆಯಿತು.

ಭೀಮಾ ಶೇಲಿನ ಕರಿ ಬಿಲ್ಲೆ

ಇಲ್ಲಿಗೆ ಬಂಧುಗಳ ನೆರವು ಬಹುಮಟ್ಟಿಗೆ ಮುಗಿಯಿತು. ಭೀಮಾ ಪದರಗಳಿಗೆ ಬಂದರೆ ಕೈಯಲ್ಲಿರುವುದು ಕಲ್ಲು ಮಾತ್ರ. ರಾಬರ್ಟ್ ಬ್ರೂಸ್ ಫೂಟ್ 1876ರ ತನ್ನ ವರದಿಯಲ್ಲಿ ಈ ಸೀಮೆಯ ಭೂರಚನೆಯನ್ನು ವಿವರಿಸಿದ್ದ. ಜೀವದ ಕುರುಹು ಹುಡುಕುವ ಕೆಲಸ ಶುರುವಾದದ್ದು ಬಹಳ ತಡವಾಗಿ. ಬಿ. ಎಸ್. ವೆಂಕಟಾಚಲ ಮತ್ತು ರಾವತ್ 1972ರಲ್ಲಿ ಭೀಮಾ ಪದರಗಳಿಂದಲೂ ಮರುವರ್ಷ ಕಲಾದಗಿ ಪದರಗಳಿಂದಲೂ ಸೂಕ್ಷ್ಮ ಜೈವಿಕ ಅವಶೇಷಗಳನ್ನು ವರದಿ ಮಾಡಿದರು. 1983ರಲ್ಲಿ ಸುರೇಶ್ ಮತ್ತು ಸುಂದರರಾಜು ಭೀಮಾದಿಂದ ಚುವಾರಿಯಾವನ್ನು ವರದಿ ಮಾಡಿ, ಅದನ್ನು ಸಮಸ್ಯಾತ್ಮಕವೆಂದೇ ಕರೆದರು. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ಮೈಥಿ ಮತ್ತು ಬಾಬು 1996ರಲ್ಲಿ ಶಹಾಬಾದ್ ಸುಣ್ಣಕಲ್ಲಿನ ಮೇಲಿರುವ ಹಲ್ಕಲ್ ಶೇಲ್‌ಗಳಿಂದ ಇಂಗಾಲದ ಪಳೆಯುಳಿಕೆಗಳನ್ನು ವಿವರಿಸಿದರು.

ಚುವಾರಿಯಾ ಎಂದರೆ ಕೆಲವು ಮಿಲಿಮೀಟರ್ ಅಗಲದ, ಸುಕ್ಕುಗಟ್ಟಿದ, ಇಂಗಾಲದ ಕರಿ ಬಿಲ್ಲೆ. ಅಮೆರಿಕದ ವಾಲ್ಕಾಟ್ 1899ರಲ್ಲಿ ಗ್ರ್ಯಾಂಡ್ ಕ್ಯಾನಿಯನ್ನಿನ ಚುವಾರ್ ಪದರಗಳಲ್ಲಿ ಕಂಡು ಅದನ್ನು ಚಿಪ್ಪಿನ ಪ್ರಾಣಿ ಎಂದುಕೊಂಡಿದ್ದರು. 1973ರಲ್ಲಿ ಫೋರ್ಡ್ ಮತ್ತು ಬ್ರೀಡ್ ಅದನ್ನು ಪಾಚಿಯ ಸಾಲಿಗೆ ಸೇರಿಸಿದರು. ಅಲ್ಲಿಂದ ಮುಂದೆ ಮೂರು ದಾರಿ.

ಒಂದು ಓದಿನ ಪ್ರಕಾರ ಇದು ದೊಡ್ಡ ಏಕಕೋಶಿ, ಬಹುಶಃ ವಿಶ್ರಾಂತಿ ಹಂತ. ಕೆಲವು ಬಿಲ್ಲೆಗಳು ನಡುವೆ ನೇರವಾಗಿ ಸೀಳಿವೆ. ಒಳಗಿನ ಮರಿ ಹೊರಬರಲು ಕವಚ ತೆರೆದುಕೊಂಡ ಗುರುತು ಅದು ಎನ್ನುತ್ತಾರೆ. ಎದುರಾಳಿಗಳ ಆಕ್ಷೇಪವೂ ಸರಳ: ದುಂಡನೆಯ ಚೀಲ ಕೆಸರಿನ ಭಾರಕ್ಕೆ ಚಪ್ಪಟೆಯಾಗುವಾಗಲೂ ಸೀಳಬಹುದು. ಡೈನೊಫ್ಲಾಜೆಲೇಟಿನ ಕಂಡಿಗೆ ನಿಗದಿತ ಜಾಗ, ನಿಗದಿತ ಆಕಾರವಿದೆ. ಚುವಾರಿಯಾದ ಸೀಳಿಗೆ ಆ ಖಚಿತತೆ ಇಲ್ಲ.

ಎರಡನೆಯ ಓದು ಅದನ್ನು ಟವುಯಿಯಾ ಎಂಬ ಉದ್ದನೆಯ ಜೊತೆಗಾರನೊಂದಿಗೆ ಕೂಡಿಸುತ್ತದೆ. ಎರಡೂ ಹಲವು ಕಡೆ ಒಟ್ಟಿಗೆ ಸಿಗುವುದರಿಂದ ಒಂದೇ ಜೀವನಚಕ್ರದ ಎರಡು ಹಂತವಿರಬಹುದು ಎಂಬ ಊಹೆ. ಲಖನೌ ವಿಶ್ವವಿದ್ಯಾಲಯದ ಸುರೇಂದ್ರ ಕುಮಾರ್ 2001ರಲ್ಲಿ ವಿಂಧ್ಯದ ಮಾದರಿಗಳನ್ನು ಹಿಡಿದು ಇನ್ನೂ ಮುಂದೆ ಹೋದರು: ಇವು ಏಕಕೋಶಿಗಳೇ ಅಲ್ಲ, ಬಹುಕೋಶೀಯ ಸಸ್ಯವೊಂದರ ಬಿಡಿಭಾಗಗಳಿರಬಹುದು.

ಮೂರನೆಯದು ಸೂಕ್ಷ್ಮ ಉಪಕರಣಗಳ ದಾರಿ. ಜರ್ಮನಿಯ ಸ್ಟೈನರ್ 1997ರಲ್ಲೇ ಇದು ಬ್ಯಾಕ್ಟೀರಿಯಾಗಳ ಹಟ್ಟಿಯೂ ಇರಬಹುದಲ್ಲ ಎಂಬ ಪ್ರಶ್ನೆ ಎತ್ತಿದ್ದರು. 2017ರಲ್ಲಿ ಟಾಂಗ್ ಮತ್ತು ಸಂಗಡಿಗರು ಚೀನಾದ ಮಾದರಿಗಳನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಒಳಗೆ ಅನೇಕ ಕೋಶಗಳಿದ್ದ ಸರಳ ಬಹುಕೋಶಿ ಎಂದರು. ಹಾಗಿದ್ದರೆ ಆ ನಡುಸೀಳು ಒಂದೇ ಮರಿಯ ಬಾಗಿಲಲ್ಲ, ಒಂದು ತಂಡವೇ ಹೊರಬಿದ್ದ ಜಾಗವಾದೀತು. ನನಗೆ ಈ ದಾರಿಯೇ ಹೆಚ್ಚು ಭರವಸೆಯದೆನಿಸುತ್ತದೆ, ಏಕೆಂದರೆ ಇದು ಆಕಾರದ ಹೋಲಿಕೆಯನ್ನು ನೆಚ್ಚದೆ ಗೋಡೆಯೊಳಗೆ ನೋಡುತ್ತದೆ.

ಒಡೆದದ್ದೋ ಕೊಳೆತದ್ದೋ

ವಿಭಜನೆಯ ಗಳಿಗೆಯೇ ಕಲ್ಲಾದದ್ದುಂಟೇ? ಉಂಟು ಎಂದವರಲ್ಲಿ ಮೊದಲಿಗರು ಅಮೆರಿಕದ ವಿಲಿಯಂ ಶಾಫ್. ಆಸ್ಟ್ರೇಲಿಯಾದ ಬಿಟರ್ ಸ್ಪ್ರಿಂಗ್ಸ್‌ನ ಸುಮಾರು 80 ಕೋಟಿ ವರ್ಷ ಹಳೆಯ ಚರ್ಟ್ ಕಲ್ಲಿನಲ್ಲಿ, ಒಳಗೆ ಕರಿ ಚುಕ್ಕೆಯಿದ್ದ ಕೋಶಗಳನ್ನು 1968ರಲ್ಲಿ ವಿವರಿಸಿದರು. 1971ರಲ್ಲಿ ಬ್ಲಾಸಿಕ್ ಜೊತೆ ಸೇರಿ, ನಾಲ್ಕು ಕೋಶಗಳು ಚತುರ್ಮುಖವಾಗಿ ಅಂಟಿಕೊಂಡ ಗುಂಪನ್ನೂ ಬೆಳಕಿಗೆ ತಂದರು. ಚುಕ್ಕೆ ಕೋಶಕೇಂದ್ರವಾದರೆ, ನಾಲ್ಕರ ಗುಂಪು ಲೈಂಗಿಕ ಚಕ್ರದಲ್ಲಿ ಮಾತ್ರ ನಡೆಯುವ ಅರೆವಿಭಜನೆಯ ಫಲವಾದರೆ, ಲೈಂಗಿಕತೆಯ ಹಳೆಯ ಸಾಕ್ಷ್ಯ ಸಿಕ್ಕಂತೆಯೇ.

1975ರಲ್ಲಿ ನೋಲ್ ಮತ್ತು ಬಾರ್ಗ್‌ಹೂರ್ನ್ ಇದಕ್ಕೆ ತಣ್ಣೀರೆರಚಿದರು. ಸೈನೊಬ್ಯಾಕ್ಟೀರಿಯಾ ಸತ್ತು ಕೊಳೆಯುವಾಗ ಒಳಗಿನ ದ್ರವ್ಯ ಕುಗ್ಗಿ ಅಂಥದೇ ಚುಕ್ಕೆಯಾಗುತ್ತದೆ; ಕೋಶಕೇಂದ್ರವೇ ಇಲ್ಲದ ಜೀವಿಗಳೂ ಎರಡು ಸಲ ಒಡೆದು ನಾಲ್ಕರ ಗುಂಪಾಗಬಲ್ಲವು. ಇಂದು ಹೆಚ್ಚಿನವರು ಈ ಪಕ್ಷದಲ್ಲಿದ್ದಾರೆ, ನಾನೂ ಅಲ್ಲೇ. ಲಿಂಗರಹಿತ ವಿಭಜನೆಯ ವಿಷಯದಲ್ಲಿ ಇಷ್ಟು ಜಗಳವಿಲ್ಲ: ಕೆನಡಾದ ಬೆಲ್ಚರ್ ದ್ವೀಪಗಳಲ್ಲಿ ಹಾಫ್‌ಮನ್ 1976ರಲ್ಲಿ ವಿವರಿಸಿದ, ಸುಮಾರು 190 ಕೋಟಿ ವರ್ಷದ ಇಯೊಎಂಟೊಫೈಸಾಲಿಸ್‌ನಲ್ಲಿ ಒಡೆಯುವ ಹಂತಗಳು ಸಾಲಾಗಿ ಕಾಣುತ್ತವೆ. ಅಲ್ಲೂ ನೆರವಿಗೆ ಬಂದದ್ದು ಜೀವಂತ ಬಂಧು ಎಂಟೊಫೈಸಾಲಿಸ್.

ಚೀನಾದ ಗ್ವಿಜೌ ಪ್ರಾಂತ್ಯದ ದೌಶಾಂಟುವೊ ಫಾಸ್ಫೇಟ್ ಪದರಗಳ ಜಗಳ ಇನ್ನೂ ಬಿಸಿಯಾಗಿದೆ. 2, 4, 8 ಎಂದು ಒಡೆಯುತ್ತ ಹೋದ ಕೋಶಗಳ ಗುಂಡುಗಳನ್ನು 1998ರಲ್ಲಿ ಷಾವ್, ಜಾಂಗ್ ಮತ್ತು ನೋಲ್ ಪ್ರಾಣಿಭ್ರೂಣಗಳೆಂದರು. 2007ರಲ್ಲಿ ಬೈಲಿ ಮತ್ತು ಸಂಗಡಿಗರು ದೈತ್ಯ ಗಂಧಕ ಬ್ಯಾಕ್ಟೀರಿಯಾ ಎಂದರು. 2011ರಲ್ಲಿ ಹುಲ್ಟ್‌ಗ್ರೆನ್ ಮತ್ತು ಸಂಗಡಿಗರು ಪ್ರಬಲ ಎಕ್ಸ್‌ರೇ ಬಳಸಿ ಕಲ್ಲನ್ನು ಒಡೆಯದೆಯೇ ಒಳಗೆ ನೋಡಿ, ಕೋಶಕೇಂದ್ರಗಳೆಂದು ತೋರುವ ರಚನೆಗಳನ್ನೂ ಮೊಳೆಯುವ ಹಂತಗಳನ್ನೂ ಮುಂದಿಟ್ಟು, ಇವು ಕವಚದೊಳಗೆ ಒಡೆದು ಬೀಜಕಣ ಬಿಡುವ ಏಕಕೋಶಿ ಸಂತತಿ ಎಂದು ವಾದಿಸಿದರು. ಭ್ರೂಣವಾದಿಗಳು ಒಪ್ಪಲಿಲ್ಲ. ಒಂದೇ ಕಲ್ಲು; ಪ್ರಾಣಿ, ಏಕಕೋಶಿ, ಬ್ಯಾಕ್ಟೀರಿಯಾ ಎಂಬ ಮೂರು ಓದು.

ಇತ್ಯರ್ಥವಾಗದೆ ಉಳಿದದ್ದು

ಎ–ಬಿ ಪ್ರಮಾಣದಲ್ಲಿ ಜೀವಿಯ ಪಾಲೆಷ್ಟು, ನೀರಿನ ಪಾಲೆಷ್ಟು ಎಂದು ಬಿಡಿಸುವ ಸರ್ವಸಮ್ಮತ ವಿಧಾನ ಇನ್ನೂ ಇಲ್ಲ. ಕಾರವಾರದ 77 ವರ್ಷದ ಆವರ್ತನ ಬೇರೆ ಬಗೆಯ ದಾಖಲೆಗಳೆದುರು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದೂ ತೆರೆದ ಪ್ರಶ್ನೆಯೇ. ಚೀನಾದ ಚುವಾರಿಯಾಕ್ಕೆ ಸಿಕ್ಕ ಉತ್ತರ ಭೀಮಾದ ಬಿಲ್ಲೆಗೆ ತಾನಾಗಿ ಅನ್ವಯಿಸುವುದಿಲ್ಲ. ಒಂದೇ ಹೆಸರಿನಡಿ ಹಲವು ಬಗೆಯ ಜೀವಿಗಳು ಸೇರಿಕೊಂಡಿರುವ ಸಾಧ್ಯತೆ ದೊಡ್ಡದು. ಭೀಮಾ ಪದರಗಳ ವಯಸ್ಸಿನ ಬಗ್ಗೆಯೂ ಒಮ್ಮತವಿಲ್ಲ, ವಯಸ್ಸು ತೀರದೆ ಅಲ್ಲಿನ ಜೀವಿಗಳನ್ನು ಬೇರೆಡೆಯವುಗಳ ಪಕ್ಕ ಕೂರಿಸುವುದು ಕಷ್ಟ.

ಎಲ್ಲಕ್ಕಿಂತ ದೊಡ್ಡ ಗೊಂದಲ ಕಾಲದ್ದು. ಕೋಶಕೇಂದ್ರವಿರುವ ಇಂದಿನ ಜೀವಿಗಳಲ್ಲೆಲ್ಲ ಅರೆವಿಭಜನೆಯ ಜೀನ್‌ಗಳು ಹರಡಿಕೊಂಡಿರುವುದರಿಂದ, ಅವುಗಳ ಮೂಲಪುರುಷನಲ್ಲೇ ಲೈಂಗಿಕತೆ ಇತ್ತೆಂದು ಜೀವವಿಜ್ಞಾನಿಗಳು ಹೇಳುತ್ತಾರೆ. ಅಂಥ ಜೀವಿಗಳ ಸಾಮಾನ್ಯವಾಗಿ ಒಪ್ಪಿತವಾದ ಪಳೆಯುಳಿಕೆಗಳು ಸುಮಾರು 165 ಕೋಟಿ ವರ್ಷಕ್ಕೆ ಹೋಗುತ್ತವೆ. ಲೈಂಗಿಕತೆಯ ಅತಿ ಹಳೆಯ ಸಾಕ್ಷ್ಯವೆಂದು ಹೆಚ್ಚಿನವರು ಎತ್ತಿಹೇಳುವುದು ಆರ್ಕ್ಟಿಕ್ ಕೆನಡಾದ ಕೆಂಪು ಪಾಚಿ ಬ್ಯಾಂಗಿಯೊಮಾರ್ಫಾವನ್ನು. ಬಟರ್‌ಫೀಲ್ಡ್ 2000ದಲ್ಲಿ ವಿವರಿಸಿದ ಅದಕ್ಕೆ 2018ರ ಕಾಲಗಣನೆಯಂತೆ ಸುಮಾರು 105 ಕೋಟಿ ವರ್ಷ, ಮತ್ತು ಅದು ಏಕಕೋಶಿಯಲ್ಲ. ನಡುವಿನ 60 ಕೋಟಿ ವರ್ಷ ಖಾಲಿ. ಬಾಗಲಕೋಟೆ ಸೀಮೆಯ ಕಲಾದಗಿಯ ಕೆಳಪದರಗಳು ಈ ನಡುಗಾಲಕ್ಕೇ ಸೇರುತ್ತವೆಂದು ಬಹುಪಾಲು ಭೂವಿಜ್ಞಾನಿಗಳ ಎಣಿಕೆ. ಅಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಪದರಗಳಿವೆ. ಕಟ್ಟಿದ ಜೀವಿಗಳ ಸಂತಾನದ ಬಗ್ಗೆ ಆ ಪದರಗಳಿಂದ ಏನೂ ತಿಳಿಯದು.